ವಾರಗಿತ್ತಿಯ ಹಾಲು

ಎರಡನೇ ಅಲೆಯ ಮೇ ತಿಂಗಳಲ್ಲಿ, ಎಂಟು ತಿಂಗಳ ಬಸುರಿ ಗಂಗಾಳಿಗೆ ಕೊರೊನಾ ತಗುಲಿತು. ಉಸಿರಾಟ ಕಷ್ಟವಾದಾಗ ಕೋಲಾರದ ಆಸ್ಪತ್ರೆಯಲ್ಲಿ ಆಪರೇಷನ್ ಮಾಡಿ ಮಗುವನ್ನು ತೆಗೆದರು. ಹೆಣ್ಣು, ಎರಡು ಕೆ.ಜಿ.ಯೂ ಇರಲಿಲ್ಲ. ಪುಣ್ಯಕ್ಕೆ ಮಗುವಿಗೆ ಸೋಂಕಿರಲಿಲ್ಲ. ಹತ್ತು ದಿನ ಬೆಚ್ಚಗಿನ ಪೆಟ್ಟಿಗೆಯಲ್ಲಿಟ್ಟು, ಗಂಡ ವೇಣುಗೋಪಾಲನ ಕೈಗೆ ಕೊಟ್ಟು ಊರಾದ ಗೌನಿಪಲ್ಲಿಗೆ ಕಳಿಸಿದರು. ಗಂಗಾ ಆಕ್ಸಿಜನ್ ಹಾಕಿಸಿಕೊಂಡು ಅಲ್ಲೇ ಉಳಿದಳು. ಮಗಳನ್ನು ಅವಳಿನ್ನೂ ಮುಟ್ಟಿರಲಿಲ್ಲ.

ಮನೆಯಲ್ಲಿ ವಾರಗಿತ್ತಿ ಚಂದನ ಎರಡು ತಿಂಗಳ ಬಾಣಂತಿ. ಒಂದು ಬೆಳಿಗ್ಗೆ ವೇಣು ವಿಡಿಯೊ ಕಾಲ್ ಮಾಡಿದಾಗ ಚಂದನಳ ಸೆರಗಿನಡಿ ಪುಟ್ಟ ಕಾಲೊಂದು ಆಡುತ್ತಿತ್ತು.

"ಯಾರ ಮಗು ಅದು?"

"ನಮ್ದೇ ಕಣೇ. ಡಬ್ಬಿ ಹಾಲು ವಾಂತಿ ಮಾಡ್ಕೊಂತಿತ್ತು. ಈಗ ನೋಡು, ಹೆಂಗೆ ಕುಡೀತದೆ!"

ಗಂಗಾಳ ಎದೆಗೆ ಕೆಂಡ ಸುರಿದಂತಾಯಿತು. ಆರು ವರ್ಷ ಹರಕೆ ಹೊತ್ತು ಬಸುರಾದವಳು ಅವಳು. ಚಂದನ ಮದುವೆಯಾದ ವರ್ಷವೇ ಗಂಡು ಹೆತ್ತಿದ್ದಳು. ಈಗ ಇದೂ ಅವಳದೇ ಆಯಿತೆ?

"ಬೇಡ. ಡಬ್ಬಿ ಹಾಲೇ ಹಾಕಿ," ಎಂದಳು ಏದುಸಿರು ಬಿಡುತ್ತ.

ಅತ್ತೆ ಭಾರತಮ್ಮ ಫೋನು ಕಿತ್ತುಕೊಂಡರು. "ಮಗು ಉಳೀಬೇಕೋ, ನಿನ್ ಹಟ ಉಳೀಬೇಕೋ?"

ಗಂಗಾ ಮನೆಗೆ ಬಂದಾಗ ಮಗುವಿಗೆ ತಿಂಗಳು ತುಂಬಿತ್ತು. ಎತ್ತಿಕೊಂಡರೆ ಚಿಟ್ಟನೆ ಚೀರಿತು. ಅವಳ ಎದೆಯಲ್ಲಿ ಹಾಲು ಬತ್ತಿತ್ತು. ಬೇರೆ ದಾರಿಯಿಲ್ಲದೆ, ಮುಖ ಬೇರೆ ಕಡೆ ತಿರುಗಿಸಿಕೊಂಡೇ ಬಾಗಿಲಲ್ಲಿ ನಿಂತಿದ್ದ ಚಂದನಳ ಕೈಗೆ ಮಗುವನ್ನು ಕೊಟ್ಟಳು. ಅವಳು ಎದೆಗಿಟ್ಟೊಡನೆ ಅಳು ತಟ್ಟನೆ ನಿಂತಿತು. ಆ ಅಳುವಿಗಿಂತ ಈ ಮೌನವೇ ಹೆಚ್ಚು ಚುಚ್ಚಿತು.

"ಹಾಲಿಲ್ದಿದ್ರೂ ಬಾಯಿಗಿಡಮ್ಮಾ, ಚೀಪ್ತಾ ಚೀಪ್ತಾ ಬರ್ತದೆ," ಎಂದು ಆಶಾ ಕಾರ್ಯಕರ್ತೆ ಶ್ಯಾಮಲಮ್ಮ ಹೇಳಿದರು. ಗಂಗಾ ಹಟ ಹಿಡಿದಳು. ಬೆಳ್ಳುಳ್ಳಿ, ಸಬ್ಬಸಿಗೆ ಸೊಪ್ಪು ತಿಂದಳು. ಹಗಲೆಲ್ಲ ಮಗುವನ್ನು ಎದೆಗವಚಿ ಕೂತಳು. ಮೊದಲು ಹನಿ ಹನಿ. ಮೂರನೇ ವಾರ ಮಗು ಹೊಟ್ಟೆ ತುಂಬ ಕುಡಿದು ನಿದ್ದೆ ಹೋಯಿತು.

ಅವಳು ನೆಟ್ಟಗೆ ಚಂದನಳ ಕೋಣೆಗೆ ನಡೆದಳು. "ಇನ್ಮೇಲೆ ನೀನು ಕುಡಿಸೋದು ಬೇಡ. ನನಗೇ ಮಗೂಗೆ ಸಾಕಾಗೋಷ್ಟು ಬರ್ತಿದೆ."

"ಒಳ್ಳೇದಾಯ್ತಕ್ಕಾ," ಎಂದ ಚಂದನ ಗೋಡೆಯತ್ತ ತಿರುಗಿ ಕಣ್ಣೊರೆಸಿಕೊಂಡಳು.

ಗಂಗಾಳ ಹೊಟ್ಟೆ ತಣ್ಣಗಾಯಿತು. ಆರು ವಾರದಿಂದ ತಾನು ಉಂಡ ಸಂಕಟವನ್ನು ಇವಳೂ ಉಣ್ಣಲಿ. ಮರುಗಳಿಗೆಯೇ ತನ್ನ ಬುದ್ಧಿಗೆ ತಾನೇ ಹೇಸಿದಳು.

ಸಂಜೆ ಮಗು ಅತ್ತಿತು. ಎದೆಯಲ್ಲಿ ಹಾಲಿದ್ದೂ ಅವಳು ಕೂಗಿದಳು: "ಚಂದನಾ, ಬಾರೇ. ಸಂಜೆ ಹೊತ್ತು ನೀನೇ ಕುಡಿಸು."

ಚಂದನ ಓಡಿಬಂದಳು. ಕೂತು ನೋಡುವಷ್ಟು ಗಂಗಾಳ ಮನಸ್ಸು ಇನ್ನೂ ದೊಡ್ಡದಾಗಿರಲಿಲ್ಲ. ಮಗುವನ್ನು ಕೊಟ್ಟು, ಒಣಗಿದ ಬಟ್ಟೆ ತೆಗೆಯಲು ಹಿತ್ತಲಿಗೆ ಹೋದಳು.