ಅರ್ಧ ಗಂಟೆಗೊಂದು ಫೋಟೋ

ಬೆಂಕಿ ಹಾಕಬೇಕು ಆ ಫೋನಿಗೆ! ದಿನಕ್ಕೆ ಹತ್ತು ಸಲ ಹೇಳುತ್ತಿದ್ದೆ, ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಈಗ ಗುಂಡಣ್ಣನ ಹುಬ್ಬಿನ ಮೇಲೆ ಹೊಲಿಗೆ ಬಿದ್ದಿದೆ.

ಗುಂಡಣ್ಣ ಎಂದರೆ ಮೂರು ವರ್ಷದ ಪೋರ. ಅಪ್ಪ ಅಮ್ಮ ಆಫೀಸಿಗೆ ಹೋಗುವಾಗ ನಮ್ಮ ಡೇ ಕೇರಿನಲ್ಲಿ ಬಿಟ್ಟು ಹೋಗುತ್ತಾರೆ. ಅಂಥ ಹನ್ನೊಂದು ಮಕ್ಕಳನ್ನು ನಾನು ಮತ್ತು ನನ್ನ ಸೊಸೆ, ಇಬ್ಬರೇ ನೋಡಿಕೊಳ್ಳುತ್ತೇವೆ. ಉಣ್ಣಿಸಬೇಕು, ಮೂಗು ಒರೆಸಬೇಕು, ಕಿತ್ತಾಡಿದರೆ ಬಿಡಿಸಬೇಕು, ಮಲಗಿಸಬೇಕು. ಒಂದು ಮಗು ಸುಮ್ಮನಿದೆ ಎಂದರೆ ಅದು ಏನೋ ನುಂಗುತ್ತಿದೆ ಎಂದೇ ಅರ್ಥ.

ಇದು ಸಾಲದು ಎಂದು ಡೇ ಕೇರ್ ನಡೆಸುವ ನಮ್ಮ ಮೇಡಮ್ ಒಂದು ಪದ್ಧತಿ ತಂದಿಟ್ಟರು. ಅರ್ಧ ಗಂಟೆಗೊಮ್ಮೆ ಪ್ರತಿ ಮಗುವಿನ ಫೋಟೋ ಅದರ ಅಮ್ಮನ ಫೋನಿಗೆ ಹೋಗಬೇಕು. ತಿಂದರೆ ಫೋಟೋ, ಮಲಗಿದರೆ ಫೋಟೋ. ನನಗೆ ಆ ಗಾಜಿನ ಮೇಲೆ ಬೆರಳಾಡಿಸಲು ಬಾರದು, ಹಾಗಾಗಿ ಎಲ್ಲವೂ ಸೊಸೆಯ ತಲೆಗೆ ಬಂತು. ಒಂದು ಕೈಯಲ್ಲಿ ಚಮಚ, ಇನ್ನೊಂದರಲ್ಲಿ ಫೋನು ಹಿಡಿದು ಅವಳು ಪರದಾಡುವುದನ್ನು ನೋಡಿದರೆ ನನಗೆ ಮೈಯೆಲ್ಲ ಉರಿಯುತ್ತಿತ್ತು.

"ನಿಂಗೆ ಸಂಬಳ ಮಕ್ಕಳನ್ನ ನೋಡ್ಕೊಳ್ಳೋಕೋ, ಫೋಟೋ ತೆಗಿಯೋಕೋ?" ಎಂದು ಕೇಳಿದರೆ, "ಎರಡಕ್ಕೂ ಸೇರಿಸಿ ಒಂದೇ ಸಂಬಳ, ಅತ್ತೆ," ಎಂದು ನಗುತ್ತಿದ್ದಳು.

ನಿನ್ನೆ ಆ ನಗುವೂ ಹೋಯಿತು. ನಾನು ಬಚ್ಚಲಲ್ಲಿ ಒಂದು ಕೂಸಿನ ಅಂಡು ತೊಳೆಯುತ್ತಿದ್ದೆ. ಸೊಸೆ ಅಂಗಳದಲ್ಲಿ, ಜಾರುಬಂಡೆಯ ಪಕ್ಕ ನಿಂತಿದ್ದಳು. ಅವಳ ಫೋನು ಟಿಣ್ ಎಂದಿತು. ಮತ್ತೆ ಟಿಣ್ ಎಂದಿತು.

"ಗುಂಡಣ್ಣನ ಅಮ್ಮ, ಅತ್ತೆ! ಫೋಟೋ ಯಾಕೆ ಬಂದಿಲ್ಲ ಅಂತಿದ್ದಾರೆ."

"ಕಾಯ್ಲಿ ಬಿಡೇ! ಮಗೂನ ನೋಡು," ಎಂದು ಒಳಗಿಂದಲೇ ಕೂಗಿದೆ.

ಆಕೆ ಕಾಯಲಿಲ್ಲ, ನೇರ ಫೋನು ಮಾಡಿದರು. "ಇದೋ ಕಳಿಸ್ದೆ ಅಮ್ಮಾ," ಎಂದು ಸೊಸೆ ತಲೆ ತಗ್ಗಿಸಿ ಬೆಳಗಿನ ಫೋಟೋ ಹುಡುಕತೊಡಗಿದಳು. ಅಷ್ಟರಲ್ಲಿ ಜಾರುವ ಕಡೆಯಿಂದಲೇ ಮೇಲೆ ಹತ್ತುತ್ತಿದ್ದ ಗುಂಡಣ್ಣ ಕಾಲು ತಪ್ಪಿ ಕೆಳಗಿನ ಇಟ್ಟಿಗೆಯ ಅಂಚಿಗೆ ಬಿದ್ದ. ಅವನನ್ನು ಎದೆಗೆ ಅವಚಿಕೊಂಡು ಡಾಕ್ಟರ ಬಳಿಗೆ ಓಡಿದವಳೂ ಅವಳೇ.

ಇವತ್ತು ಬೆಳಿಗ್ಗೆ ಮೇಡಮ್ ಕೋಣೆಯಲ್ಲಿ ಪಂಚಾಯಿತಿ ನಡೆಯಿತು. ಹುಬ್ಬಿಗೆ ಪಟ್ಟಿ ಹಾಕಿಸಿಕೊಂಡ ಗುಂಡಣ್ಣ ಅಮ್ಮನ ಮಡಿಲಲ್ಲಿ ಕೂತು ಒಂದೇ ಸಮನೆ ಅಳುತ್ತಿದ್ದ. ಸೊಸೆ ಅತ್ತು ಅತ್ತು ಊದಿದ ಮುಖ ಹೊತ್ತು ಮೂಲೆಯಲ್ಲಿ ನಿಂತಿದ್ದಳು. ಮಕ್ಕಳೆಂದರೆ ಪ್ರಾಣ ಬಿಡುವ ಹುಡುಗಿ. ಮಗುವನ್ನು ಬೀಳಿಸಿದವಳು ಎಂಬ ಹೆಸರು ಒಮ್ಮೆ ಅಂಟಿಕೊಂಡರೆ ಅವಳನ್ನು ಇನ್ನು ಯಾವ ಡೇ ಕೇರೂ ಹೊಸ್ತಿಲು ದಾಟಿಸುವುದಿಲ್ಲ.

"ಫೋನ್ ನೋಡ್ತಾ ನಿಂತಿದ್ಲಂತೆ! ಇವಳನ್ನ ಇವತ್ತೇ ತೆಗೀರಿ," ಎಂದರು ಗುಂಡಣ್ಣನ ಅಮ್ಮ.

"ಖಂಡಿತ ತೆಗೀತೀನಿ. ನಮ್ಮಲ್ಲಿ ಕೆಲಸದ ಹೊತ್ತಲ್ಲಿ ಫೋನ್ ಮುಟ್ಟೋ ಹಾಗೇ ಇಲ್ಲ," ಎಂದರು ಮೇಡಮ್. ಕಣ್ಣು ಕೂಡ ಮಿಟುಕಿಸಲಿಲ್ಲ!

ನನ್ನ ನೆತ್ತಿ ಸಿಡಿಯಿತು. "ನಾಚಿಕೆ ಆಗಲ್ವಾ ಮೇಡಮ್? ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಹಾಕ್ತೀರಾ? ಅರ್ಧ ಗಂಟೆಗೊಂದು ಫೋಟೋ ಅಂತ ಫೋನ್ ಕೈಗೆ ಕೊಟ್ಟೋರು ಯಾರು? ಮಗು ಬಿದ್ದಾಗ ಇವಳು ಯಾರ ಹತ್ರ ಮಾತಾಡ್ತಿದ್ಲು ಅಂತ ಇವರನ್ನೇ ಕೇಳಿ!"

ಗುಂಡಣ್ಣನ ಅಮ್ಮನ ಮುಖ ಬಿಳಿಚಿತು. "ಆಫೀಸಲ್ಲಿ ಕೂತ್ರೂ ಜೀವ ಇಲ್ಲೇ ಇರುತ್ತೆ ನಂಗೆ. ಫೋಟೋ ಬರೋವರೆಗೂ ಕೆಲಸ ಓಡಲ್ಲ."

"ಬಂದ್ಮೇಲೆ ಓಡುತ್ತಾ?"

"ಮುಂದಿನದಕ್ಕೆ ಕಾಯ್ತಾ ಕೂತಿರ್ತೀನಿ," ಎಂದರು ಸಣ್ಣ ದನಿಯಲ್ಲಿ.

ಪಾಪ ಎನ್ನಿಸಬೇಕಿತ್ತೇನೋ. ಎನ್ನಿಸಲಿಲ್ಲ. "ಸರಿ ಹೋಯ್ತು! ನಿಮ್ಮ ಕೆಲಸವೂ ಹಾಳು, ನಮ್ಮ ಕೆಲಸವೂ ಹಾಳು," ಎಂದೆ.

"ಕೂಗಾಡ್ಬೇಡಿ. ನಿನ್ನೆ ಆಗಿದ್ದಕ್ಕೆ ಯಾರಾದ್ರೂ ಒಬ್ರು ಹೋಗ್ಲೇಬೇಕು," ಎಂದು ಮೇಡಮ್ ಸೊಸೆಯ ಕಡೆ ನೋಡಿದರು.

ಆಗಲೇ ಗುಂಡಣ್ಣನ ಅಮ್ಮನ ಫೋನು ಟಿಣ್ ಎಂದಿತು. ಗಾಯ ಹೇಗಿದೆ, ತೋರಿಸು ಎಂದು ಅವನ ಅಪ್ಪ ಕೇಳಿದ್ದರು. ಆಕೆ ಫೋನನ್ನು ಮಗನ ಮುಖದ ಮುಂದೆ ಎತ್ತಿ ಹಿಡಿದರು.

ಗುಂಡಣ್ಣನ ಅಳು ತಟ್ಟನೆ ನಿಂತಿತು. ಕಣ್ಣೀರು ಇನ್ನೂ ಕೆನ್ನೆಯ ಮೇಲೆ ಇಳಿಯುತ್ತಲೇ ಇತ್ತು. ಅವನು ಕತ್ತು ಓರೆ ಮಾಡಿ, ಹಲ್ಲೆಲ್ಲ ತೋರಿಸಿ ನಕ್ಕ.

ನಗು ಎಂದು ಯಾರೂ ಹೇಳಿರಲಿಲ್ಲ.

"ಕಂದಾ, ನೋವು ಹೋಯ್ತಾ?" ಎಂದು ಅಮ್ಮ ಕೇಳಿದರು.

"ಇಲ್ಲ, ನೋಯ್ತಿದೆ," ಎಂದ. ಹಲ್ಲು ಹಾಗೇ ಕಾಣುತ್ತಿದ್ದವು.

ಆಕೆ ಫೋನನ್ನು ಮೇಜಿನ ಮೇಲೆ ಬೋರಲು ಹಾಕಿದರು. "ಅವಳನ್ನ ತೆಗೀಬೇಡಿ," ಎಂದರು, ಯಾರ ಮುಖವನ್ನೂ ನೋಡದೆ. "ನಂಗೆ ಇನ್ನು ಫೋಟೋ ಬೇಡ." ಮೇಡಮ್ ಏನೋ ಹೇಳಲು ಬಾಯಿ ತೆರೆದರು. ನಾನು ನೋಡಿದ ನೋಟಕ್ಕೆ ಮುಚ್ಚಿಕೊಂಡರು.

ಗುಂಡಣ್ಣ ಇನ್ನೂ ಕತ್ತು ಓರೆ ಮಾಡಿಕೊಂಡೇ ಕೂತಿದ್ದ. ಸೊಸೆ ಮೂಲೆಯಿಂದ ಬಂದು ಅವನೆದುರು ಮಂಡಿಯೂರಿದಳು.

"ಮುಗೀತು ಪುಟ್ಟಾ. ಯಾರೂ ಫೋಟೋ ತೆಗೀತಿಲ್ಲ."

ಅವನು ಅವಳ ಎರಡೂ ಕೈ ನೋಡಿದ, ಅಮ್ಮನ ಕೈ ನೋಡಿದ. ಆಮೇಲೆ ಬಿಕ್ಕಿ ಬಿಕ್ಕಿ ಅಳತೊಡಗಿದ.