ನಾಗವ್ವ ಟಾವೆಲ್ಲಿನೊಳಗೆ ಕೈ ಇಟ್ಟದ್ದು

"ಕೆಟ್ಟು ನಿಂತ ವಿಮಾನ ನಮ್ಮ ಶಿಗ್ಗಾಂವ್ಯಾಗ ಯಾರರ ಕಂಡೀರೇನು? ಇಲ್ಲದ್ದನ್ನ ರಿಪೇರಿ ಮಾಡಾಕ ಇಂವ ಎರಡು ವರ್ಷ ಕಲೀತಾನಂತ!"

ತನ್ನ ಮಾತಿಗೆ ತಾನೇ ನಕ್ಕವನು ತಡಸದ ಕುಬೇರಪ್ಪ. ಬೆಳಿಗ್ಗೆ ಚಕ್ಕಡಿ ಹೂಡಿಕೊಂಡು ತಂಗಿ ನಾಗವ್ವನ ಮನೆಗೆ ಬಂದಿದ್ದ. ನಾಗವ್ವನ ಮಗ ಪರಮೇಶಿಗೆ ಮುಂಬೈಯಲ್ಲಿ ವಿಮಾನದ ಇಂಜಿನ್ನಿನ ಕೆಲಸ ಕಲಿಸುವ ಸಾಲಿಯಲ್ಲಿ ಸೀಟು ಸಿಕ್ಕಿತ್ತು. ಮನೆಯ ಎತ್ತು ಮಾರಿ ಅರ್ಧ ಫೀ ಹೊಂದಿಸಿದ್ದಾಗಿತ್ತು. ಉಳಿದರ್ಧ ಎಂಟು ದಿನದಲ್ಲಿ ಕಟ್ಟದಿದ್ದರೆ ಸೀಟು ಬೇರೆಯವರ ಪಾಲು.

"ಜರ್ಮನಿ ಲಡಾಯಿ ಮುಗದು ವರ್ಷಾತು. ಇನ್ನ ವಿಮಾನ ಯಾರಿಗೆ ಬೇಕೋ?"

"ಈಗ ಮಂದಿಗೆ ಬೇಕ್ರಿ ಮಾವ. ಮುಂಬೈಯಿಂದ ದಿಲ್ಲಿಗೆ ಸಾವಕಾರ್ರು ವಿಮಾನದಾಗ ಕುಂತು ಹೊಂಟಾರ," ಎಂದ ಪರಮೇಶಿ.

"ಅವರು ಹೋಗಲಿ ಬಿಡು. ನೀ ಇಲ್ಲೇ ಶಿಗ್ಗಾಂವ್ಯಾಗ ಇರು, ಹಿಟ್ಟಿನ ಗಿರಣಿ ಹಾಕಿ ಕೊಡ್ತೇನಿ. ಅದಕ್ಕೂ ಇಂಜಿನ್ ಐತಿ. ದಿಲ್ಲಿಗೆ ಹೋಗೂದು ಬಿಟ್ಟಾರು, ಮಂದಿ ರೊಟ್ಟಿ ತಿನ್ನೂದು ಬಿಡತಾರೇನು?"

ಈ ಮಾತು ನಾಗವ್ವನಿಗೆ ಚುಚ್ಚಿತು, ಯಾಕೆಂದರೆ ಅದರಲ್ಲಿ ಹುರುಳಿತ್ತು. ಗಿರಣಿಯಾದರೆ ಮಗ ಕಣ್ಣೆದುರಿಗೇ ಇರುತ್ತಾನೆ, ಕೈಯಲ್ಲಿ ನಾಳೆಯಿಂದಲೇ ದುಡ್ಡು. ಮುಂಬೈಯಾದರೆ ಎರಡು ವರ್ಷ ಬರೀ ಖರ್ಚು, ಆಮೇಲೆ ಪರೀಕ್ಷೆ. ಅದರಲ್ಲಿ ಫೇಲಾದರೆ? ಆಕೆ ಚಹದ ಬಟ್ಟಲು ಕೆಳಗಿಟ್ಟಳು.

"ಪರಮೇಶಿ, ಖರೇ ಹೇಳು. ವಿಮಾನ ಎಷ್ಟು ದಿನಕ್ಕೊಮ್ಮೆ ಕೆಡತೈತಿ?"

"ಕೆಡೂತನಕ ಬಿಡೂದಿಲ್ಲವ್ವ. ಪ್ರತಿ ಸಲ ಹಾರೂಕಿಂತ ಮೊದಲ ನೋಡಬೇಕು. ಲೈಸನ್ಸ್ ಇದ್ದಾಂವ ನೋಡಿ ಸಹಿ ಮಾಡಲಿಲ್ಲಂದ್ರ ಅದು ನೆಲಾ ಬಿಡಂಗಿಲ್ಲ."

ನಾಗವ್ವನಿಗೆ ಸವಣೂರು ಸಂತೆಯ ರಾಜೇಸಾಬ ಕಣ್ಣ ಮುಂದೆ ಬಂದ. ಎತ್ತಿನ ಗೊರಸಿಗೆ ನಾಲು ಬಡಿಯುವವನು. ಎತ್ತು ಕೊಂಡವರು ಗೆದ್ದರೋ ಸೋತರೋ, ಅವನ ಸುತ್ತಿಗೆ ಮಾತ್ರ ಒಂದು ಸಂತೆಯಲ್ಲೂ ಸುಮ್ಮನೆ ಕೂತದ್ದಿಲ್ಲ.

"ಅಂದ್ರ ಇದು ನಾಲು ಬಡಿಯೋ ಕೆಲಸ," ಎಂದಳು. "ವಿಮಾನ ಯಾರದರ ಇರಲಿ, ಇಂವ ಬೇಕ ಬೇಕು. ಅಣ್ಣಾ, ನನ್ನ ಹೊಲಾ ನಿನಗ ಎರಡು ವರ್ಷ ಲಾವಣಿಗೆ ಕೊಡ್ತೇನಿ, ಪೀಕು ನೀ ತಗೋ. ರೊಕ್ಕಾ ಈಗ ಕೊಡು."

ಆ ಹೊಲ ತಡಸದಲ್ಲಿ ಕುಬೇರಪ್ಪನ ಹೊಲಕ್ಕೆ ಹತ್ತಿಕೊಂಡೇ ಇತ್ತು. ಅಪ್ಪ ಮದುವೆಯಲ್ಲಿ ಮಗಳ ಉಡಿಯಲ್ಲಿ ಹಾಕಿದ್ದು.

"ಲಾವಣಿ ಯಾಕ? ಮಾರಿಬಿಡು."

"ಅಪ್ಪ ಉಡ್ಯಾಗ ಹಾಕಿದ್ದು ಮಾರಂಗಿಲ್ಲ. ಬಾ, ದರಾ ಮಾಡೂಣು."

ಹೇಳಿದವಳೇ ಗಂಡ ಮಹಾಲಿಂಗಪ್ಪನ ಹೆಗಲಿನ ಟಾವೆಲ್ಲಿಗೆ ಕೈ ಚಾಚಿದಳು. ಮಹಾಲಿಂಗಪ್ಪ ಎತ್ತಿನ ದಲಾಲ. ದರ ಬಾಯಿಂದ ಆಡದೆ, ಟಾವೆಲ್ಲಿನ ಮರೆಯಲ್ಲಿ ಬೆರಳು ಹಿಡಿದೇ ಹೇಳುವ ಕಸುಬು ಅವನದು. ಒಳಗೆ ಒಮ್ಮೆ ಮುಷ್ಟಿ ಕೂಡಿತೆಂದರೆ ವ್ಯವಹಾರ ಮುಗಿದಂತೆ. ಆಮೇಲೆ ತಿರುಗಿ ಮಾತಾಡಿದವನ ಹತ್ತಿರ ಸಂತೆಯಲ್ಲಿ ಯಾರೂ ನಿಲ್ಲುವುದಿಲ್ಲ. ಹೆಂಗಸರು ಕೈ ಹಾಕಿದ್ದು ಮಾತ್ರ ಯಾರೂ ಕಂಡಿರಲಿಲ್ಲ. ಆದರೆ ಮದುವೆಯಾದ ಹೊಸದರಲ್ಲಿ ಗಂಡ ಬೆರಳಾಟ ರೂಢಿ ಮಾಡಿಕೊಂಡದ್ದು ಇವಳ ಕೈ ಮೇಲೆಯೇ.

"ಅದು ಹೆಣ್ಣಮಕ್ಕಳ ಆಟಲ್ಲ," ಎಂದ ಮಹಾಲಿಂಗಪ್ಪ. ಟಾವೆಲ್ಲು ಮಾತ್ರ ಕೊಟ್ಟ.

ಕುಬೇರಪ್ಪನಿಗೆ ನಗು ತಡೆಯಲಿಲ್ಲ. "ರೊಟ್ಟಿ ಬಡಿಯೋ ಕೈ! ತಾ, ಇದೊಂದು ಮಜಾ ನೋಡೇಬಿಡೂಣು," ಎನ್ನುತ್ತ ಚೇಷ್ಟೆಗೆಂದೇ ಟಾವೆಲ್ಲಿನೊಳಗೆ ಕೈ ಹಾಕಿದ.

ಒಳಗೆ ನಾಗವ್ವ ಅವನ ಬೆರಳು ಎಣಿಸಿ ಹಿಡಿದಳು. ಕುಬೇರಪ್ಪನ ನಗು ಅರ್ಧಕ್ಕೆ ನಿಂತಿತು. ಅವನು ಕಡಿಮೆ ಬೆರಳು ಹಿಡಿದ. ಇವಳು ಅಂಗೈ ಮೇಲೆ ಒಲ್ಲೆನೆಂದು ಬಡಿದಳು. ಅವನು ಇನ್ನೊಂದು ಬೆರಳು ಏರಿಸಿದ. ಇವಳು ಮತ್ತೆ ಬಡಿದಳು.

"ಸವಣೂರಿನ ಹಯಾತಸಾಬ್ರು ನಿನ್ನೆ ಬಂದಿದ್ರು," ಎಂದಳು, ಅಂಗಳದ ಕೋಳಿ ನೋಡುತ್ತ. "ವೀಳ್ಯದ ಎಲಿಬಳ್ಳಿ ಹಚ್ಚಾಕ ಬಾವಿ ಇದ್ದ ಹೊಲಾ ಬೇಕಂತ."

ಬಂದದ್ದು ನಿಜ, ಮಹಾಲಿಂಗಪ್ಪನೇ ಚಹ ಕುಡಿಸಿ ಕಳಿಸಿದ್ದ. ಕುಬೇರಪ್ಪನ ಮೆಣಸಿನಗಿಡ ನೀರು ಕುಡಿಯುವುದು ನಾಗವ್ವನ ಹೊಲದ ಬಾವಿಯಿಂದಲೇ.

ಟಾವೆಲ್ಲು ಒಮ್ಮೆ ಅಲುಗಿತು. ಕುಬೇರಪ್ಪನ ಹಣೆಯ ವಿಭೂತಿ ಬೆವರಿಗೆ ಕರಗತೊಡಗಿತು. ಕೈ ಜಗ್ಗಿಕೊಳ್ಳಲು ನೋಡಿದ. ದಿನಾ ಜೋಳದ ಹಿಟ್ಟು ನಾದಿ ಗಟ್ಟಿಯಾದ ಕೈ ಬಿಡಲಿಲ್ಲ. ಕಡೆಗೊಮ್ಮೆ ಉಸಿರು ಬಿಟ್ಟ. ಮುಷ್ಟಿ ಕೂಡಿತು.

"ಆತು!" ಎಂದು ಮಹಾಲಿಂಗಪ್ಪ ಸಂತೆಯಲ್ಲಿ ಕೂಗುವ ಹಾಗೆ ಕೂಗಿಬಿಟ್ಟ. ಪಕ್ಕದ ಮನೆಯ ಶಂಕ್ರವ್ವ ಬಾಗಿಲಿಗೆ ಬಂದು ಇಣುಕಿದಳು.

"ನಾ ಚ್ಯಾಷ್ಟಿಗೆ ಕೈ ಹಾಕಿದ್ನೋ ಮಾರಾಯ!"

"ಮುಷ್ಟಿ ಚ್ಯಾಷ್ಟಿಗೆ ಕೂಡಿತೇನ್ರಿ?" ಎಂದ ಮಹಾಲಿಂಗಪ್ಪ.

ಕುಬೇರಪ್ಪ ತಂಗಿಯ ಮುಖ ನೋಡಿದ, ತನ್ನ ಕೆಂಪಾದ ಬೆರಳು ನೋಡಿಕೊಂಡ. ಆಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕ. "ಸಂತ್ಯಾಗ ನನ್ನನ್ನ ಹಿಂಗ ಯಾವ ಗಂಡಸೂ ಹಿಂಡಿಲ್ಲವಾ! ನಾಡದು ರೊಕ್ಕಾ ತರತೇನಿ."

"ಎಷ್ಟಕ್ಕ ಆತವ್ವ?" ಪರಮೇಶಿ ಕೇಳಿದ.

"ಟಾವೆಲ್ಲಿನೊಳಗಿನ ಮಾತು ಹೊರಗ ಆಡಬಾರದಪ್ಪ. ನಿನ್ನ ಫೀ ಆಕ್ಕೈತಿ, ವರ್ಷದ ಊಟಾನೂ ಆಕ್ಕೈತಿ. ಹೋಗಿ ಟ್ರಂಕ್ ತೊಳಿ."

ಚಕ್ಕಡಿ ಹತ್ತಿದ ಕುಬೇರಪ್ಪ ಎತ್ತು ಹೊಡೆಯಲಿಲ್ಲ. ತನ್ನ ಹೆಗಲಿನ ಹೊಸ ಟಾವೆಲ್ಲು ತೆಗೆದು ಅಳಿಯನತ್ತ ಒಗೆದ.

"ಮುಂಬೈದಾಗ ಮಳಿ ಭಾಳಂತ. ತಲಿಗೆ ಸುತ್ತಗೋ."

ಪರಮೇಶಿ ಅದನ್ನು ಗಾಳಿಯಲ್ಲೇ ಹಿಡಿದ. ನಾಗವ್ವ ಅವನ ಕೈಯಿಂದ ಇಸಿದುಕೊಂಡು, ಒಮ್ಮೆ ಝಾಡಿಸಿ, ಅಟ್ಟದ ಮೇಲಿನ ಒಣ ಕಟಿರೊಟ್ಟಿ ಇಳಿಸಿ, ಮುಂಬೈಯ ಬುತ್ತಿಗೆಂದು ಅದರಲ್ಲಿ ಕಟ್ಟತೊಡಗಿದಳು.