ಎರಡು ಹೊಲ, ಒಂದೇ ಸೀಟು

ಕೊಯ್ಲಿನ ಕೆಲಸದ ಪಟ್ಟಿಯನ್ನು ಮಾರ್ಲೀನ್ ನೋಸ್ಕೆ ಪ್ರತಿ ನವೆಂಬರ್‌ನಲ್ಲಿ ಫ್ರಿಜ್ ಬಾಗಿಲಿಗೆ ಅಂಟಿಸುತ್ತಾರೆ. ಈ ವರ್ಷ ಅದರಲ್ಲಿ ಮೂರು ಸಾಲಿದ್ದವು. ಕಟಾವು ಯಂತ್ರ: ಗ್ರಾಂಟ್. ಧಾನ್ಯದ ಬಂಡಿ: ಟ್ರೂಡಿ. ಊಟ, ಚಹಾ, ಉಳಿದದ್ದೆಲ್ಲ: ನಾನು. ಕೆಳಗೆ, ತೀರಿಕೊಂಡ ಗಂಡನ ಕಾಲದಿಂದ ಬಂದ ಒಂದೇ ನಿಯಮ: ಕಾರಣವಿಲ್ಲದೆ ಯಂತ್ರ ನಿಲ್ಲಿಸಿದವರು ಸೀಟಿನಿಂದ ಇಳಿಯಬೇಕು.

ಗ್ರಾಂಟ್ ಅವರ ಮಗ, ವಯಸ್ಸು ನಲವತ್ತಾರು. ಆ ಸೀಟಿಗಾಗಿ ಅವನು ಇಪ್ಪತ್ತೆರಡು ಕೊಯ್ಲು ಕಾದಿದ್ದ. ಅಪ್ಪ ಇಳಿದರೆ ತಾನೇ ಮಗ ಹತ್ತುವುದು? ಮಂಡಿ ಎರಡೂ ಸವೆದುಹೋಗುವವರೆಗೆ ಅಪ್ಪ ಇಳಿಯಲಿಲ್ಲ. ಟ್ರೂಡಿ ಗ್ರಾಂಟ್‌ನ ತಂಗಿ. ಯಂತ್ರದ ತೊಟ್ಟಿ ತುಂಬಿತೆಂದು ರೇಡಿಯೊದಲ್ಲಿ ಕರೆ ಬಂದಾಗ ಟ್ರ್ಯಾಕ್ಟರಿಗೆ ಬಂಡಿ ಕಟ್ಟಿಕೊಂಡು ಅದರ ಪಕ್ಕದಲ್ಲೇ ಓಡಿಸುತ್ತ ಗೋಧಿ ತುಂಬಿಸಿಕೊಳ್ಳುವುದು, ತಂದು ಹೊಲದಂಚಿನ ಲಾರಿಗೆ ಸುರಿಯುವುದು ಅವಳ ಕೆಲಸ. ಸೀಟಿನ ಮೇಲೆ ಅವಳಿಗೂ ಕಣ್ಣಿತ್ತು. ಅದನ್ನವಳು ಮುಚ್ಚಿಟ್ಟಿರಲಿಲ್ಲ.

ಸೀಟು ಸಿಕ್ಕ ಮೇಲೆ ಗ್ರಾಂಟ್‌ಗೆ ಗೊತ್ತಾದದ್ದು, ಅಲ್ಲಿ ಮಾಡಲು ಹೆಚ್ಚು ಕೆಲಸವೇ ಇಲ್ಲ ಎಂದು. ಉಪಗ್ರಹ ನೋಡಿಕೊಂಡು ಯಂತ್ರ ತಾನೇ ನೇರ ಹೋಗುತ್ತದೆ. ಮನೆ ಮುಂದಿನ ಹೊಲದಲ್ಲಿ ಒಂದು ಸಾಲು ಎರಡು ಕಿಲೋಮೀಟರ್, ವೇಗ ಗಂಟೆಗೆ ಎಂಟು. ಅಂದರೆ ಹದಿನೈದು ನಿಮಿಷಕ್ಕೊಮ್ಮೆ ತಿರುಗಿಸಬೇಕು. ನಡುವೆ ಯಂತ್ರದ ಮುಂದೆ ಪೈರು ಕತ್ತರಿಸುವ ಅಲಗಿನ ಎತ್ತರದ ಮೇಲೆ ಒಂದು ಕಣ್ಣಿಟ್ಟು ಆಕಳಿಸುತ್ತ ಕೂರಬೇಕು. ಹೋದ ವರ್ಷ ಕ್ರಿಕೆಟ್ ಕಾಮೆಂಟರಿ ಕೇಳಿದ. ಈ ವರ್ಷ ಮನೆಯ ಕಂಪ್ಯೂಟರ್‌ನಲ್ಲಿರುವ ಗೇಮನ್ನೇ ಕ್ಯಾಬಿನ್ನಿಗೆ ತರಿಸಿಕೊಳ್ಳುವ ಯೋಚನೆ ಮಾಡಿದ.

ಆ ಗೇಮ್ ಯಾವುದೆಂದು ಕೇಳಿದವರು ಎರಡನೇ ಸಲ ಕೇಳುತ್ತಿದ್ದರು. ಬೇಸಾಯದ ಗೇಮ್. ದಿನವಿಡೀ ಗೋಧಿ ಕೊಯ್ದು ಬಂದವನು ಊಟವಾದ ಮೇಲೆ ಪರದೆಯ ಮೇಲೆ ಮತ್ತೆ ಗೋಧಿ ಕೊಯ್ಯುತ್ತಿದ್ದ. ಟ್ರೂಡಿ ಹಂಗಿಸಿದರೆ, ಅಲ್ಲಿ ಮಳೆ ಬೇಡ ಅಂದಾಗ ನಿಲ್ಲುತ್ತೆ, ತಂಗಿಯೂ ಇಲ್ಲ ಎನ್ನುತ್ತಿದ್ದ.

ಜೋಡಣೆಯನ್ನು ಅವನು ಅಚ್ಚುಕಟ್ಟಾಗಿಯೇ ಮಾಡಿದ. ಅಡುಗೆಮನೆ ಪಕ್ಕದ ಕೋಣೆಯ ಕಂಪ್ಯೂಟರಿನಿಂದ ರೌಟರಿಗೆ ವೈರ್ ಎಳೆದ. ಆ ಒಂದು ಹೆಜ್ಜೆ ವೈಫೈ ಮೇಲೆ ಬಿಟ್ಟರೆ ಚಿತ್ರ ತಡವರಿಸುತ್ತದೆ. ಧಾನ್ಯದ ತಗಡಿನ ಕಣಜದ ತಲೆಯ ಮೇಲೆ ಆಂಟೆನಾ ಮೊದಲೇ ಇತ್ತು. ಅದನ್ನು ಹೊಲದ ಕಡೆ ತಿರುಗಿಸಿ ಬಿಗಿದ. ಇಂಟರ್ನೆಟ್ಟಿನ ಹಂಗೇ ಇರಲಿಲ್ಲ, ಎಲ್ಲವೂ ಮನೆಯದೇ ಜಾಲ. ಕಂಪ್ಯೂಟರಿನಲ್ಲಿ ಕಳಿಸುವ ತಂತ್ರಾಂಶ, ಹೊಲಕ್ಕೆ ಒಯ್ಯುವ ಟ್ಯಾಬ್‌ನಲ್ಲಿ ಪಡೆಯುವ ತಂತ್ರಾಂಶ. ಟ್ಯಾಬ್ ತೋರಿಸಿದ ನಾಲ್ಕಂಕಿಯನ್ನು ಕಂಪ್ಯೂಟರಿನಲ್ಲಿ ಹಾಕಿದ ಮೇಲೆ ಎರಡಕ್ಕೂ ಪರಿಚಯವಾಯಿತು. ಮಲಗಿದ ಕಂಪ್ಯೂಟರನ್ನು ಹೊಲದಿಂದಲೇ ಎಬ್ಬಿಸುವುದನ್ನೂ ಕಲಿತ.

ಒಂದೇ ತೊಡಕು. ಪರದೆ ಆರಿಸಿದರೆ ಆ ಕಂಪ್ಯೂಟರ್ ಚಿತ್ರ ಕಳಿಸುವುದನ್ನೇ ನಿಲ್ಲಿಸುತ್ತಿತ್ತು. ಆರಿಸದಿದ್ದರೆ ಅಮ್ಮ ನೋಡುತ್ತಾರೆ. ಗ್ರಾಂಟ್ ಪರದೆಯನ್ನು ಹಾಗೇ ಬಿಟ್ಟು, ಅದರ ಬೆಳಕನ್ನು ಸೊನ್ನೆಗೆ ಇಳಿಸಿದ. ನೋಡಿದವರಿಗೆ ಆರಿದ ಹಾಗೇ ಕಾಣುತ್ತಿತ್ತು.

ಮೂರು ದಿನ ಸುಖವಾಗಿ ಕಳೆದವು. ಹೊರಗೆ ಹಸಿರು ಯಂತ್ರ ತನ್ನಷ್ಟಕ್ಕೆ ಸಾಗುತ್ತಿತ್ತು, ಒಳಗೆ ಕಂಟ್ರೋಲರ್ ಹಿಡಿದು ಟ್ಯಾಬ್‌ನಲ್ಲಿ ಗೇಮಿನ ಕೆಂಪು ಯಂತ್ರವನ್ನು ಗ್ರಾಂಟ್ ಸಾಗಿಸುತ್ತಿದ್ದ. ಹೊಲದಾಚೆ ದಿಣ್ಣೆಯ ಮರೆಗೆ ಹೋದಾಗ ಮಾತ್ರ ಚಿತ್ರ ಎರಡು ನಿಮಿಷ ನಿಲ್ಲುತ್ತಿತ್ತು. ಆಗ ಸ್ಯಾಂಡ್‌ವಿಚ್ ತಿನ್ನುತ್ತಿದ್ದ.

ಬುಧವಾರ ಹನ್ನೊಂದರ ಹೊತ್ತಿಗೆ ಅವನು ರೇಡಿಯೊ ಎತ್ತಿ, ತುಂಬಿತು ಬಾ ಎಂದ. ಲಾರಿಯ ಹತ್ತಿರ ಆಗಷ್ಟೇ ಫ್ಲಾಸ್ಕ್ ಬಿಚ್ಚಿದ್ದ ಟ್ರೂಡಿ ಅದನ್ನು ಮುಚ್ಚಿ, ಒಂದು ಕಿಲೋಮೀಟರ್ ಧೂಳೆಬ್ಬಿಸಿಕೊಂಡು ಬಂದಳು. ಯಂತ್ರದ ಕೊಳವೆ ಬಂಡಿಯ ಮೇಲೆ ಚಾಚಿತು. ಬಂಡಿಯ ತಳ ಮುಚ್ಚುವಷ್ಟು ಗೋಧಿ ಬಿದ್ದು ನಿಂತಿತು. ತೊಟ್ಟಿ ಖಾಲಿಯಾಗಿ ಇನ್ನೂ ಹತ್ತು ನಿಮಿಷವೂ ಆಗಿರಲಿಲ್ಲ. ಖಾಲಿ ಮಾಡಿಸಿಕೊಂಡು ಹೋದವಳು ಅವಳೇ.

"ಇದೇನೋ, ಕೋಳಿಗೆ ಹಾಕೋಕೆ ಕರೆದ್ಯಾ?" ಎಂದಳು ರೇಡಿಯೊದಲ್ಲಿ.

ಸೆನ್ಸರಿಗೆ ಧೂಳು ಕೂತಿದೆ ಎಂದ ಗ್ರಾಂಟ್. ತುಂಬಿದ್ದು ಕೆಂಪು ಯಂತ್ರದ ತೊಟ್ಟಿ. ಅದನ್ನು ಅವನು ಹೇಳುವ ಹಾಗಿರಲಿಲ್ಲ.

ನಮ್ಮ ಕಡೆ ರೇಡಿಯೊ ಎಂದರೆ ಎಲ್ಲರ ಕಿವಿ. ಆಚೀಚೆ ಐದು ಫಾರ್ಮಿನವರು ಕೋಳಿಯ ಮಾತು ಕೇಳಿ ನಕ್ಕರು. ಅಡುಗೆಮನೆಯ ಕಿಟಕಿಯಲ್ಲೂ ಒಂದು ರೇಡಿಯೊ ಇದೆ. ಆದರೆ ಗ್ರಾಂಟ್ ಕರೆಯುವ ಹೊತ್ತಿಗೆ ಮಾರ್ಲೀನ್ ಅಡುಗೆಮನೆಯಲ್ಲಿರಲಿಲ್ಲ. ಪಕ್ಕದ ಕೋಣೆಯಲ್ಲಿ ಧೂಳು ಒರೆಸುತ್ತಿದ್ದರು. ಯಾರೂ ಇಲ್ಲದ ಕೋಣೆಯಲ್ಲಿ ಕಂಪ್ಯೂಟರಿನ ಫ್ಯಾನ್ ಜೋರಾಗಿ ತಿರುಗುತ್ತಿರುವುದು ಯಾಕೆಂದು ಪರದೆಯ ಅಂಚಿನ ಗುಂಡಿಗಳನ್ನು ಒಂದೊಂದಾಗಿ ಒತ್ತಿ ನೋಡಿದರು. ಬೆಳಕು ಬಂತು. ಕೆಂಪು ಯಂತ್ರವೊಂದು ಯಾರೂ ಮುಟ್ಟದೆ ಗೋಧಿ ಕೊಯ್ಯುತ್ತಿತ್ತು. ಮೂಲೆಯಲ್ಲಿ, ತೊಟ್ಟಿ ನೂರಕ್ಕೆ ನೂರು ಎಂದು ಬರೆದಿತ್ತು. ಅದೇ ಗಳಿಗೆಗೆ ಅಡುಗೆಮನೆಯಿಂದ ಗ್ರಾಂಟ್‌ನ ಧ್ವನಿ ಕೇಳಿಸಿತು: ತುಂಬಿತು ಬಾ.

ಮಾರ್ಲೀನ್ ಒಂಬತ್ತು ವರ್ಷ ಊರಿನ ಸ್ಮಶಾನ ಸಮಿತಿಯ ಕಾರ್ಯದರ್ಶಿಯಾಗಿದ್ದವರು. ಯಾರೂ ಮುಟ್ಟದೆ ಯಾವುದೂ ಅಲುಗುವುದಿಲ್ಲ ಎಂಬುದು ಅವರಿಗೆ ಖಚಿತವಾಗಿ ಗೊತ್ತು. ಮಗ ಮೂರು ದಿನದಿಂದ ಟ್ಯಾಬ್ ಹಿಡಿದು ಹೊಲಕ್ಕೆ ಹೋಗುತ್ತಿದ್ದದ್ದು ನೆನಪಾಯಿತು. ಟ್ರೂಡಿ ಬೈದು ಮುಗಿಸುವವರೆಗೆ ಕಾದರು. ಒರೆಸುವ ಬಟ್ಟೆ ಪಕ್ಕಕ್ಕಿಟ್ಟು, ಕುರ್ಚಿ ಎಳೆದುಕೊಂಡು, ಕೀಬೋರ್ಡಿನ ಒಂದೊಂದೇ ಕೀಲಿ ಒತ್ತಿದರು. ನಾಲ್ಕನೆಯದಕ್ಕೆ ಕೆಂಪು ಯಂತ್ರ ಎಡಕ್ಕೆ ತಿರುಗಿತು. ಎಡಕ್ಕೆ ನದಿ ಇತ್ತು.

ಕ್ಯಾಬಿನ್ನಿನಲ್ಲಿ ಗ್ರಾಂಟ್ ಕಂಟ್ರೋಲರನ್ನು ಬಲಕ್ಕೆ ಎಳೆದ. ಯಂತ್ರ ಎಡಕ್ಕೇ ಹೋಯಿತು. ಸಂಕೇತ ತಡವಾಗುತ್ತಿದೆ ಎಂದುಕೊಂಡು ಚಿತ್ರದ ಗುಣಮಟ್ಟ ಇಳಿಸಿದ. ಇನ್ನೂ ಎಡಕ್ಕೆ. ನದಿಗೆ ಮೂವತ್ತು ಮೀಟರ್ ಉಳಿದಾಗ ಅವನಿಗೆ ಎರಡೂ ಕೈ ಬೇಕಾದವು, ಗಮನವೂ ಪೂರ್ತಿ ಬೇಕಾಯಿತು. ಅವನು ಹೊರಗಿನ ಯಂತ್ರ ನಿಲ್ಲಿಸಿದ.

ಅಡುಗೆಮನೆಯ ಕಿಟಕಿಯಿಂದ ನೋಡಿದರೆ ಹೊಲದ ಮೇಲಿನ ಧೂಳು ಕಾಣುತ್ತದೆ. ಕಂಪ್ಯೂಟರ್ ಬಿಟ್ಟು ಎದ್ದು ಬಂದ ಮಾರ್ಲೀನ್ ಅದು ನಿಂತದ್ದು ನೋಡಿ ರೇಡಿಯೊ ಎತ್ತಿಕೊಂಡರು.

"ಯಂತ್ರ ಯಾಕೋ ನಿಂತಿದೆ?"

"ಸೆನ್ಸರ್ ನೋಡ್ತಿದೀನಿ ಅಮ್ಮ. ಧೂಳು."

"ಧೂಳಲ್ಲ ಕಣೋ, ನೀರು. ಕುತ್ತಿಗೆ ತನಕ ಮುಳುಗಿದೆ, ನಾನೇ ಇಳಿಸಿದ್ದು. ಟ್ಯಾಬ್ ನೋಡ್ಕೋ."

ಐದು ಫಾರ್ಮಿನವರು ರೇಡಿಯೊದ ಸದ್ದು ಹೆಚ್ಚಿಸಿದರು. ಗ್ರಾಂಟ್ ಟ್ಯಾಬನ್ನೂ ಕಂಟ್ರೋಲರನ್ನೂ ಸೀಟಿನ ಹಿಂದಕ್ಕೆ ತಳ್ಳಿದ. ಟ್ರೂಡಿ ಬಹಳ ವಿನಯದಿಂದ, ಹಾಗಾದರೆ ಸೀಟಿಗೆ ತಾನು ಈಗಲೇ ಬರಲೇ, ಚಹಾ ಮುಗಿಸಿ ಬರಲೇ ಎಂದು ಕೇಳಿದಳು.

ಎರಡೂ ಬೇಡ ಎಂದರು ಮಾರ್ಲೀನ್.

ಮಧ್ಯಾಹ್ನ ಫ್ರಿಜ್ ಮೇಲೆ ಹೊಸ ಪಟ್ಟಿ ಬಂತು. ಕಟಾವು ಯಂತ್ರ: ನಾನು. ಬಂಡಿ: ಟ್ರೂಡಿ. ಊಟ, ಚಹಾ, ಉಳಿದದ್ದೆಲ್ಲ: ಗ್ರಾಂಟ್. ಮಾರ್ಲೀನ್‌ಗೆ ಎಪ್ಪತ್ತೊಂದು. ಮದುವೆಗೆ ಮುಂಚೆ ತವರಿನಲ್ಲಿ ಏಳು ವರ್ಷದ ಕೊಯ್ಲಿಗೆ ಯಂತ್ರ ಓಡಿಸಿದ್ದರು. ಆಮೇಲೆ ಯಾರೂ ಅವರನ್ನು ಕೇಳಿರಲಿಲ್ಲ. ಸೀಟಿಗೆ ಕಣ್ಣು ಹಾಕಿದವರು ಇಬ್ಬರೇ ಎಂದು ಮಕ್ಕಳು ತಿಳಿದಿದ್ದರು.

ಗುರುವಾರ ಗ್ರಾಂಟ್ ಮೊಟ್ಟೆ ಬೇಯಿಸಿದ, ಬ್ರೆಡ್ಡಿಗೆ ಬೆಣ್ಣೆ ಸವರಿದ, ಹಣ್ಣಿನ ಕೇಕನ್ನು ಡಬ್ಬಿಗೆ ತುಂಬಿದ. ಸೀಟು ಹೋಯಿತು, ಇನ್ನು ಅಮ್ಮನ ಮಂಡಿ ಸವೆಯುವುದನ್ನು ಕಾಯಬೇಕು. ಆ ಮಂಡಿ ಎರಡೂ ಗಟ್ಟಿಮುಟ್ಟಾಗಿದ್ದವು. ಹೊರಗೆ ಧೂಳು ಒಂದೇ ಸಮ ಸಾಗುತ್ತಿತ್ತು. ಸಾಲು ಅವನದಕ್ಕಿಂತ ನೇರವಾಗಿದೆ ಅನ್ನಿಸಿ, ಉಪಗ್ರಹಕ್ಕೆ ಚಾಲಕ ಯಾರಾದರೇನು ಎಂದು ಸಮಾಧಾನ ಮಾಡಿಕೊಂಡ.

ಎರಡು ಗಂಟೆಗೆ ಪಕ್ಕದ ಕೋಣೆಯಲ್ಲಿ ಫ್ಯಾನ್ ತಿರುಗುವ ಸದ್ದು ಕೇಳಿಸಿತು. ಕಂಪ್ಯೂಟರನ್ನು ಅವನು ಮುಟ್ಟಿರಲಿಲ್ಲ. ಪರದೆ ಕಪ್ಪಗಿತ್ತು, ಯಾರೋ ಅದರ ಬೆಳಕನ್ನು ಮತ್ತೆ ಸೊನ್ನೆಗೆ ಇಳಿಸಿದ್ದರು. ಟ್ಯಾಬನ್ನೂ ಕಂಟ್ರೋಲರನ್ನೂ ಕ್ಯಾಬಿನ್ನಿನಿಂದ ತರಲು ತಾನು ಮರೆತದ್ದು ಅವನಿಗೆ ಆಗ ನೆನಪಾಯಿತು. ಬೆಳಕು ಏರಿಸಿದ. ಕೆಂಪು ಯಂತ್ರ ನದಿಯಿಂದ ಎದ್ದು ಬಂದಿತ್ತು. ಅರ್ಧ ಹೊಲ ಮುಗಿದಿತ್ತು. ಅವನು ಯಾವಾಗಲೂ ಬಿಟ್ಟುಬಿಡುತ್ತಿದ್ದ ಮೂಲೆಗಳು ಕೂಡ ಚೊಕ್ಕವಾಗಿದ್ದವು. ತೊಟ್ಟಿ ತೊಂಬತ್ತೆಂಟು, ತೊಂಬತ್ತೊಂಬತ್ತು, ನೂರು.

"ಟ್ರೂಡಿ, ತುಂಬಿತು, ಬಾ," ಎಂದಿತು ಅಡುಗೆಮನೆಯ ರೇಡಿಯೊ.

ಗ್ರಾಂಟ್ ಬೆಣ್ಣೆಯ ಕೈ ಒರೆಸಿಕೊಂಡು ಬಂದ. ಟ್ರೂಡಿಯ ಟ್ರ್ಯಾಕ್ಟರ್ ಹೊರಟದ್ದು ಕಿಟಕಿಯಿಂದ ಕಾಣುತ್ತಿತ್ತು. ತೀರಾ ಆತುರಪಡದೆ ರೇಡಿಯೊ ಎತ್ತಿಕೊಂಡ.

"ಅಮ್ಮಾ, ಹಸಿರು ತೊಟ್ಟಿನೋ, ಕೆಂಪು ತೊಟ್ಟಿನೋ?"

ಪಕ್ಕದ ಫಾರ್ಮಿನವರು ಯಾರೋ ರೇಡಿಯೊದಲ್ಲೇ ಕೆಮ್ಮಿದರು. ಟ್ರೂಡಿ ಟ್ರ್ಯಾಕ್ಟರನ್ನು ನಡುಹೊಲದಲ್ಲೇ ನಿಲ್ಲಿಸಿದಳು.

"ಸೆನ್ಸರಿಗೆ ಧೂಳು ಕೂತಿದೆ," ಎಂದರು ಮಾರ್ಲೀನ್. ಸ್ವಲ್ಪ ಬಿಟ್ಟು, "ಯಂತ್ರ ಏನೂ ನಿಲ್ಲಿಸಿಲ್ಲ, ಬೇಕಾದ್ರೆ ನೋಡ್ಕೋ."

ಗ್ರಾಂಟ್ ನೋಡಿದ. ನಿಜ, ಧೂಳು ಸಾಗುತ್ತಲೇ ಇತ್ತು. ನಿಯಮ ಮುರಿದಿರಲಿಲ್ಲ, ಇಳಿಯಬೇಕಾಗಿಯೂ ಇರಲಿಲ್ಲ. ಅವನು ಪಕ್ಕದ ಕೋಣೆಗೆ ಹೋಗಿ ಕುರ್ಚಿ ಎಳೆದುಕೊಂಡು ಕುಳಿತ. ನದಿ ಅದೇ ಎಡಬದಿಯಲ್ಲಿತ್ತು. ಐದು ನಿಮಿಷದೊಳಗೆ ಹೊಲದ ಮೇಲಿನ ಧೂಳು ನಿಂತಿತು.

ಶುಕ್ರವಾರದ ಪಟ್ಟಿಯಲ್ಲಿ ಯಂತ್ರದ ಸಾಲಿನಲ್ಲಿ ಎರಡು ಹೆಸರಿದ್ದವು: ಬೆಳಗ್ಗೆ ಗ್ರಾಂಟ್, ಮಧ್ಯಾಹ್ನ ನಾನು. ಕೆಳಗೆ ಟ್ರೂಡಿ ತನ್ನ ಕೈಯಾರೆ ಇನ್ನೊಂದು ನಿಯಮ ಸೇರಿಸಿದ್ದಳು. ಕರೆಯುವ ಮುಂಚೆ ಕ್ಯಾಬಿನ್ನಿನ ಹಿಂದಿನ ಗಾಜಿನಿಂದ ತೊಟ್ಟಿಯನ್ನು ಕಣ್ಣಾರೆ ನೋಡಬೇಕು. ಇನ್ನೊಂದು ಸಲ ಖಾಲಿ ತೊಟ್ಟಿಗೆ ಕರೆದರೆ ಇಬ್ಬರೂ ಇಳಿಯಬೇಕು.